ಭಾನುವಾರ ನೀನು ಮೊದಲು ಹತ್ತಬೇಡ

ಅಮ್ಮಾ,

ನೀನು ಏಳುವ ಮೊದಲೇ ಹೊರಡುತ್ತಿದ್ದೇನೆ. ಎದುರೆದುರು ಹೇಳಿದರೆ ನೀನು ನಕ್ಕು ತಳ್ಳಿಹಾಕುತ್ತೀಯ, ಅದಕ್ಕೇ ಬರೆದಿಟ್ಟಿದ್ದೇನೆ.

ಬೆರಳಿನ ಊತಕ್ಕೆ ಮುಲಾಮು ಫ್ರಿಜ್ಜಿನ ಮೇಲಿದೆ. ಬಂಡೆ ಹತ್ತಲು ಬೆರಳು ಗಟ್ಟಿಯಾಗಲಿ ಅಂತ ಇವತ್ತಾದರೂ ಬಾಗಿಲ ಚೌಕಟ್ಟು ಹಿಡಿದು ನೇತಾಡಬೇಡ. ಈ ವಯಸ್ಸಿನಲ್ಲಿ ಬೆರಳಿನ ನರ ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ.

ನಿನ್ನೆ ಚಿಕ್ಕಮ್ಮನ ಮುಂದೆ ಏನಂದೆ? "ಅರವತ್ತು ಹತ್ರ ಬಂದ್ರೂ ಆ ಬಂಡೆ ನಂಗೆ ಮನೆ ಮೆಟ್ಟಿಲಿದ್ದ ಹಾಗೆ ಕಣೇ. ನನ್ನ ಮಗಳು ಕೆಳಗೆ ನಿಂತು ಹಗ್ಗ ಹಿಡಿಯೋಕಷ್ಟೇ ಲಾಯಕ್ಕು." ಚಿಕ್ಕಮ್ಮ ನಕ್ಕಳು. ನಾನೂ ಹಲ್ಲು ಕಿರಿದೆ.

ಬಂಡೆಯ ಆ ಉಬ್ಬಿನ ಹತ್ತಿರ ಪ್ರತಿ ಸಲ "ಎಳಿಯೇ, ಇನ್ನೂ ಬಿಗಿಯಾಗಿ ಎಳಿ!" ಅಂತ ಕಿರುಚುವವಳು ಯಾರು? ನಿನ್ನ ಸೊಂಟದಿಂದ ಮೇಲೆ ಹೋಗಿ, ಬಂಡೆಯ ತುದಿಯ ಕೊಂಡಿಯಲ್ಲಿ ಹಾದು ಕೆಳಗಿಳಿದು ಬಂದ ಹಗ್ಗಕ್ಕೆ ನಾನು ಮೈಭಾರವೆಲ್ಲ ಹಾಕಿ ಜೋತುಬೀಳುತ್ತೇನೆ, ಆಗ ನೀನು ಮೇಲೇರುತ್ತೀಯ. ಕೆಳಗಿಳಿದ ಮೇಲೆ ನಿನಗದು ನೆನಪೇ ಇರುವುದಿಲ್ಲ.

ಭಾನುವಾರ ಚಿಕ್ಕಮ್ಮನಿಗೆ ತೋರಿಸಬೇಕೆಂದು ಮೇಲಿನ ಕೊಂಡಿಗೆ ಹಗ್ಗ ಹಾಕದೆ, ಬರೀ ಸೊಂಟಕ್ಕೆ ಕಟ್ಟಿಕೊಂಡು ನೀನೇ ಮೊದಲು ಹತ್ತುತ್ತೀಯಂತೆ. ಆಗ ಹಗ್ಗ ನಿನ್ನ ಕೆಳಗಿರುತ್ತದೆ, ಅಮ್ಮಾ. ಉಬ್ಬಿನ ಹತ್ತಿರ ನೀನು ಎಷ್ಟು ಕಿರುಚಿದರೂ ನಿನ್ನನ್ನು ಮೇಲಕ್ಕೆಳೆಯಲು ನನ್ನಿಂದಾಗದು.

ಹಗ್ಗಕ್ಕಾಗಿ ಮನೆಯೆಲ್ಲ ತಡಕಾಡಬೇಡ, ಆಫೀಸಿಗೆ ತೆಗೆದುಕೊಂಡು ಹೋಗುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ. ಮೇಲಿನ ಕೊಂಡಿಗೇ ಹಗ್ಗ ಹಾಕಿ ನಾನು ಸಡಿಲ ಬಿಟ್ಟು ಹಿಡಿದಿರುವಾಗ ಒಂದೇ ಒಂದು ಸಲ ಆ ಉಬ್ಬು ದಾಟಿ ತೋರಿಸು, ಆಮೇಲೆ ಕೊಡುತ್ತೇನೆ. ಚಿಕ್ಕಮ್ಮನ ಮುಂದೆ ನಿನಗೆ ಅವಮಾನವಾದರೆ ಆಗಲಿ. ನೀನು ಬೀಳುವುದನ್ನು ಕೆಳಗೆ ನಿಂತು ನೋಡುವುದು ನನ್ನ ಕೈಲಾಗುವುದಿಲ್ಲ.