ಚಳಿಗೆ ಬಿಟ್ಟ ಗೆಡ್ಡೆಗಳು

ಡಿಸೆಂಬರ್ ಹದಿನಾಲ್ಕು, ಭಾನುವಾರ

ನನ್ನ ಮುದ್ದಿನ ಸೊಸೆಗೆ,

ನಿನ್ನ ಅತ್ತೆ ಗಟ್ಟಿಮುಟ್ಟಾಗಿದ್ದಾಳೆ, ತಲೆ ಮಾತ್ರ ಚಿಟ್ಟು ಹಿಡಿದಿದೆ. ನೀನು ನಿನ್ನ ಅಕ್ಕನ ಮನೆಗೆ ಹೋದ ಮೇಲೆ ನಿನ್ನನ್ನು ವಾಪಸ್ ಕರೆಸು ಎಂದು ನನ್ನ ಮಗರಾಯ ಜೀವ ತಿನ್ನುತ್ತಿದ್ದಾನೆ. ಅದಕ್ಕೇ ಈ ಪತ್ರ. ಲಕೋಟೆ ಅಂಟಿಸುವ ಮೊದಲು ಅವನು ಓದುತ್ತಾನಂತೆ. ಓದಲಿ, ಬೈಗುಳದಲ್ಲಿ ಅವನ ಪಾಲು ಅವನಿಗೆ ಸಿಗಲಿ.

ನಿನ್ನ ಲಿಲ್ಲಿ ಕುಂಡಗಳ ವಿಷಯಕ್ಕೆ ಬರುತ್ತೇನೆ. ಹೊರಡುವಾಗ ನೀನು ಹೇಳಿದ್ದು ಎಷ್ಟು ಸಣ್ಣ ಮಾತು. ಬಾಡಿದ ಹೂ ಚಿವುಟಿ, ದಂಟು ಎಲೆ ಮುಟ್ಟಬೇಡಿ, ಅವು ತಾವಾಗಿ ಹಳದಿಯಾಗುವ ತನಕ ಗೆಡ್ಡೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ ಎಂದಿದ್ದೆ. ಹೂ ಹೋದ ಗಿಡ ಕಿಟಕಿಗೆ ಚೆಂದವಿಲ್ಲ ಎಂದು ಇವನು ಕತ್ತರಿ ಹಿಡಿದು ಬಂದ. ನಾನು ಅಡ್ಡ ನಿಂತೆ. ಆಗ ಗೊಬ್ಬರ ಹಾಕಿದೆ, ಎಲೆ ಹಣ್ಣಾದಂತೆ ನೀರು ಕಡಿಮೆ ಮಾಡಿದೆ, ದಂಟು ಪೂರ್ತಿ ಒಣಗಿದ ಮೇಲೆ ಕತ್ತರಿಸಿ, ಕುಂಡಗಳನ್ನೆಲ್ಲ ಹಿತ್ತಲ ಮೆಟ್ಟಿಲ ಕೆಳಗೆ, ಮಳೆ ಹನಿ ಬೀಳದ ಗೋಡೆಯ ಪಕ್ಕ ಇಟ್ಟೆ. ಮೇಲೆ ಒಣಗಿದ ಎಲೆಗಳ ಹೊದಿಕೆ. ಮಣ್ಣು ತೀರಾ ಒಣಗದ ಹಾಗೆ ಆಗೊಮ್ಮೆ ಈಗೊಮ್ಮೆ ಒಂದು ಗುಟುಕು ನೀರು. ಉಳಿದದ್ದು ಚಳಿಯ ಕೆಲಸ. ಚಳಿ ಉಣ್ಣದ ಗೆಡ್ಡೆ ಹೂ ಬಿಡುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ.

ಆದರೆ ಇವನಿಗೆ ಅವುಗಳ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ನೀನು ಇದ್ದಾಗ ಆ ಕುಂಡಗಳಿಗೆ ಒಂದು ಲೋಟ ನೀರು ಹಾಕಿದವನಲ್ಲ. ಒಂದು ದಿನ ನಾನು ಎದುರುಮನೆಗೆ ಹೋಗಿ ಬರುವಷ್ಟರಲ್ಲಿ ಎಲ್ಲವೂ ಒಳಗೆ, ಒಲೆಯ ಪಕ್ಕ ಬೆಚ್ಚಗೆ ಕುಳಿತಿದ್ದವು. ಪಾಪ ನಡುಗುತ್ತಿದ್ದವಂತೆ! ಒಂದು ಗೆಡ್ಡೆ ಮೋಸಹೋಗಿ ಮೊಳಕೆ ಒಡೆಯಿತು, ಬಿಳಿಚಿಕೊಂಡ ದಾರದಂಥ ಮೊಳಕೆ. ಎಲ್ಲವನ್ನೂ ಮತ್ತೆ ಹೊರಗೆ ಹೊತ್ತು ನನ್ನ ಸೊಂಟ ಹಿಡಿದುಕೊಂಡಿತು, ಆ ಮೊಳಕೆ ಚಳಿಗೆ ಕರಕಲಾಯಿತು.

ಅಷ್ಟಕ್ಕೇ ಬಿಟ್ಟನೇ? ಹೋದ ಭಾನುವಾರ ಅಡುಗೆಮನೆ ಮೇಜಿನ ಮೇಲೆ ಹಳೇ ಪೇಪರ್ ಹಾಸಿಕೊಂಡು, ಅಂಗಡಿಯಲ್ಲಿ ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಭೂತಗನ್ನಡಿ ಹಾಕಿಕೊಂಡು ಕೂತಿದ್ದ. ಮುಂದೆ ನಿನ್ನ ಗೆಡ್ಡೆ. ಚಿಮಟದಲ್ಲಿ ಅದರ ಪದರ ಒಂದೊಂದಾಗಿ ಬಿಡಿಸುತ್ತಿದ್ದ. ಏನೋ ಇದು ಎಂದು ಕೇಳಿದರೆ ತಲೆ ಎತ್ತದೆ ಹೇಳಿದ, "ಮುಚ್ಚಳ ತೆಗೆದು ನೋಡದೆ ಒಳಗೆ ನಡೀತಿದ್ಯಾ ಇಲ್ವಾ ಅಂತ ಹೇಗಮ್ಮಾ ಗೊತ್ತಾಗೋದು?"

ನನಗೆ ಬಂದ ಸಿಟ್ಟಿಗೆ ಆ ಚಿಮಟ ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದೆ. ಹಾಗೆ ಪ್ರತಿ ವಾರವೂ ಅಗೆದು, ನೋಡಿ, ಮತ್ತೆ ಹೂಳುತ್ತಿದ್ದನಂತೆ. ಬೇರು ಹಿಡಿಯುವುದಾದರೂ ಹೇಗೆ? ಎರಡು ಗೆಡ್ಡೆ ಕೊಳೆತು ಕೈಗೆ ಮೆತ್ತಿಕೊಂಡವು. ಕೇಳಿದರೆ ಚಿಂತೆಯಾಗಿತ್ತು ಎನ್ನುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಈ ಹೆಗ್ಗಣ ಕುಂಡಕ್ಕೇ ಬಿಲ ತೋಡಿದೆ. ಅವನ ಚಿಂತೆ ಸುಳ್ಳಲ್ಲ. ಆದರೆ ಚಿಂತೆ ಮಾಡುವವನು ಕೈಕಟ್ಟಿ ಕೂತು ಮಾಡಬಾರದೇ?

ಈಗ ಉಳಿದವುಗಳಿಗೆ ಹೊಸ ಮಣ್ಣು ಹಾಕಿ ನೆಟ್ಟಿದ್ದೇನೆ. ವಸಂತಕ್ಕೆ ಎಷ್ಟು ಮೇಲೆ ಬರುತ್ತವೋ ನೋಡೋಣ.

ಅವನು ಬೆನ್ನ ಹಿಂದೆಯೇ ನಿಂತಿದ್ದಾನೆ. ನೀನು ಬಂದರೆ ಎಲ್ಲ ಸರಿಹೋಗುತ್ತದೆ, ಬೇಗ ಬಾ ಎಂದು ಬರೆಯಬೇಕಂತೆ. ಬರೆದಿದ್ದೇನೆ. ನಿನ್ನ ಅಕ್ಕನಿಗೆ, ಮಕ್ಕಳಿಗೆ ನನ್ನ ನೆನಪು ತಿಳಿಸು.

ಇಂತಿ,
ನಿನ್ನ ದಾರಿ ನೋಡುವ
ಅತ್ತೆ

ಮರೆತ ಮಾತು: ಸೋಮವಾರ. ಅವನು ಓದಿ ಅಂಟಿಸಿಕೊಟ್ಟ ಲಕೋಟೆ ಹರಿದು, ಬೇರೆಯದು ಕೊಂಡು, ಅಂಚೆ ಕಚೇರಿಯ ಬೆಂಚಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆ ಗೆಡ್ಡೆಯ ಪದರಗಳು ಮೇಜಿನ ಮೇಲೆ ಬಿದ್ದಿದ್ದನ್ನು ನೋಡಿದಾಗ ನನಗೆ ಕಂಡದ್ದು ನೀನು. ದಿನಾ ಸಂಜೆ ಅವನು ನಿನ್ನ ಬ್ಯಾಗು ಬಿಚ್ಚಿ ನೋಡುತ್ತಿದ್ದ, ನೀನು ಸ್ನಾನಕ್ಕೆ ಹೋದರೆ ಫೋನು ತೆರೆಯುತ್ತಿದ್ದ, ನೀನು ಕೆಲಸ ಮಾಡುವ ಕ್ಲಿನಿಕ್ಕಿಗೆ ಮಧ್ಯಾಹ್ನ ಫೋನು ಮಾಡಿ ಇದ್ದಾಳಾ ಎಂದು ಕೇಳುತ್ತಿದ್ದ. ಅದಕ್ಕೂ ಚಿಂತೆ ಎಂದೇ ಹೆಸರಿಟ್ಟಿದ್ದ. ಬೇಗ ಬಾ ಎಂದದ್ದು ಅವನ ಮಾತು. ನನ್ನ ಮಾತು ಬರಬೇಡ ಎಂದು. ಒಂದೇ ಒಂದು ಚಳಿಗಾಲ ಅವನು ಒಂದು ಕುಂಡವನ್ನು ಕೆದಕದೆ ಬಿಟ್ಟರೆ, ಆಗ ನಾನಾಗಿಯೇ ಬರೆದು ಕರೆಯುತ್ತೇನೆ. ಉತ್ತರವನ್ನು ಮನೆಗೆ ಹಾಕಬೇಡ, ಎದುರಿನ ಹೊಲಿಗೆ ಅಂಗಡಿಯವಳಿಗೆ ಹಾಕು, ಅವಳಿಗೆ ಹೇಳಿದ್ದೇನೆ. ನೀನಿಲ್ಲದ ಮನೆಯಲ್ಲಿ ನನಗೆ ಊಟ ಸೇರುವುದಿಲ್ಲ ಮಗಳೇ. ಆದರೂ ಬರಬೇಡ.