ಹಿತ್ತಿಲಿಗೆ ಸಿಮೆಂಟ್

ಶುಕ್ರವಾರ, ಬೆಳಗಿನ ಜಾವ ಮೂರೂಮುಕ್ಕಾಲು

ಚೋಟುವಿನ ಅಪ್ಪನಿಗೆ,

ಮೂರೂವರೆಗೆ ಗೇಟಿನ ಮುಂದೆ ಲಾರಿ ಮರಳು ಸುರಿದ ಸದ್ದಿಗೆ ಎಚ್ಚರವಾಯಿತು. ಎಚ್ಚರ ಎನ್ನುವುದೂ ಸುಳ್ಳೇ, ಈ ವಾರ ನಿದ್ದೆ ಬಂದಿದ್ದಾದರೂ ಯಾವಾಗ? ‘ಪ್ರೀತಿಯ’ ಎಂದು ಶುರುಮಾಡಲು ಇವತ್ತು ಕೈ ಬರಲಿಲ್ಲ, ಬಿಡು. ನೀನು ಫೋನನ್ನು ಲಾಕರಿನಲ್ಲಿಟ್ಟು ಬ್ರೆಡ್ ಭಟ್ಟಿಯ ಮುಂದೆ ನಿಂತಿರುತ್ತೀಯ. ಐದರ ಟೀ ಬಿಡುವಿನಲ್ಲಿ ನೋಡುತ್ತೀಯಲ್ಲ, ಅದಕ್ಕೇ ಇದನ್ನು ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಟೈಪ್ ಮಾಡಿದರೆ ಅರ್ಧ ಸಿಟ್ಟು ಅಳಿಸಿಬಿಡುತ್ತೇನೆ.

ಏಳಕ್ಕೆ ಮೇಸ್ತ್ರಿ ಬರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ನಮಗೆ ಹಿತ್ತಿಲು ಇರುವುದಿಲ್ಲ.

ಯಾಕೆ? ನರ್ಸರಿ ಟೀಚರ್ ನಮ್ಮನ್ನು ಗೇಣುದ್ದದ ಕುರ್ಚಿಗಳ ಮೇಲೆ ಕೂರಿಸಿ, ಮನೇಲಿ ಮಣ್ಣಾಡೋಕೆ ಬಿಟ್ಟಿದ್ದೀರ, ಅದಕ್ಕೇ ನಿಮ್ಮ ಮಗಳು ಪೆನ್ಸಿಲ್ ಹಿಡಿಯಲ್ಲ, ಹತ್ತರವರೆಗೂ ಎಣಿಸಲ್ಲ ಅಂದರು. ನೀನು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಹೂಂ ಹೂಂ ಎಂದು ತಲೆಯಾಡಿಸಿದೆ. ನಾಲ್ಕೂವರೆ ವರ್ಷದ ಕೂಸು ಹತ್ತು ಹೇಳದಿದ್ದರೆ ಆಕಾಶ ಕಳಚಿ ಬೀಳುತ್ತದಾ? ಮನೆಗೆ ಬಂದ ಮೇಲೆ ಸಿಮೆಂಟಿನ ತೀರ್ಮಾನವಾಯಿತು.

ನಿನ್ನೆ ಸಂಜೆ ನೀನು ಕೆಲಸಕ್ಕೆ ಹೋದ ಮೇಲೆ ಮೊದಲ ಸಲ ಚೋಟುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ಎರಡು ಗುಂಡಿ ತೋಡಿದ್ದಾಳೆ, ಒಂದು ಜೇಡಿಮಣ್ಣಿನಲ್ಲಿ, ಇನ್ನೊಂದು ನಲ್ಲಿ ಪಕ್ಕದ ಮರಳಿನಲ್ಲಿ. ಎರಡಕ್ಕೂ ಒಂದೊಂದೇ ಲೋಟ ನೀರು ಹುಯ್ದು, ಅದು ಇಂಗುವವರೆಗೆ ಒಂದು, ಎರಡು ಎಂದು ಎಣಿಸುತ್ತಾಳೆ. ಅಮ್ಮ, ಮರಳು ಗಬಗಬ ಕುಡಿಯುತ್ತೆ, ಏಳಕ್ಕೇ ಖಾಲಿ. ಜೇಡಿ ಸೋಮಾರಿ, ನಲವತ್ತಾದ್ರೂ ಮುಗಿಸಲ್ಲ, ಹಾಲು ಕುಡಿಯೋವಾಗ ನಾನು ಮಾಡ್ತೀನಲ್ಲ ಹಾಗೆ ಅಂದಳು. ನಲವತ್ತು! ಹತ್ತು ಬರಲ್ಲ ಅಂದರಲ್ಲ ಆ ಮಹಾತಾಯಿ! ಯಾರು ಕಲಿಸಿದರು ಇದನ್ನು? ನೀನಾ? ನಾನಾ?

ನಾಳೆಯಿಂದ ಇಲ್ಲೆಲ್ಲ ಸಿಮೆಂಟ್ ಕಣೇ ಅಂದೆ. ಅಳಲಿಲ್ಲ. ಹಾಗಾದ್ರೆ ನೀರು ಕುಡಿಯೋದು ಯಾರು, ಅಂತ ಕೇಳಿದಳು. ಲೋಟವನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಮಲಗಿದ್ದಾಳೆ.

ಈ ಸಿಟ್ಟಿಗೆ ನಿನ್ನ ಭಟ್ಟಿಯೂ ಸಾಟಿಯಲ್ಲ. ಆ ಟೀಚರ್ ಮೇಲೆ, ಗೇಟಿನ ಮುಂದಿನ ಮರಳಿನ ಗುಡ್ಡೆಯ ಮೇಲೆ, ಎಲ್ಲಕ್ಕಿಂತ ನಿನ್ನ ಮೇಲೆ. ಬಾಯಿಗೆ ಬ್ರೆಡ್ ತುರುಕಿಕೊಂಡವನ ಹಾಗೆ ಸುಮ್ಮನಿದ್ದೆಯಲ್ಲ!

ಇಂತಿ,
ನಿನ್ನ ಮಗಳ ತಾಯಿ
(‘ನಿನ್ನವಳು’ ಎಂದು ಬರೆಯುವುದನ್ನು ಏಳು ಗಂಟೆಯ ಮೇಲೆ ಯೋಚಿಸುತ್ತೇನೆ)

ಮರೆತಿದ್ದಲ್ಲ, ನಾಚಿಕೆಯಿಂದ ಬಿಟ್ಟಿದ್ದು: ಮಣ್ಣು ಇರ್ಲಿ ಬಿಡೇ ಎಂದು ನೀನು ಮನೆಯಲ್ಲಿ ಎರಡು ಸಲ ಹೇಳಿದ್ದೆ. ಹಠ ಹಿಡಿದವಳು ನಾನು. ಹೆಂಗಸರ ಮಾತಿಗೆ ಮೇಸ್ತ್ರಿ ಜಗ್ಗುವುದಿಲ್ಲ ಎಂದು ನಿನ್ನ ಹೆಸರು ಹೇಳಿ ಒಪ್ಪಿಸಿದವಳೂ ನಾನೇ. ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿ ಬೇಡ ಅಂದರೆ, ಸಾರ್ ಹೇಳಿದ ಕೆಲ್ಸ ಅಕ್ಕ, ಬೇಡ ಅಂತ ಸಾರೇ ಹೇಳ್ಲಿ ಎಂದು ಇಟ್ಟುಬಿಟ್ಟ. ಎರಡು ಸಲ ಬೇಡ ಅಂದವನು ಮೂರನೇ ಸಲ ಜೋರಾಗಿ ಅನ್ನಬಾರದಿತ್ತಾ? ಈಗ ಅನ್ನು. ಬೆಳಕು ಹರಿಯುವ ಮೊದಲು ಅವನಿಗೊಂದು ಫೋನ್ ಮಾಡು. ದಮ್ಮಯ್ಯ, ಮಾಡು.