ಕಂಬಿಗೆ ಕಟ್ಟಿದ ಮಫ್ಲರು

ರೋಸ್‌ವಿಟಾ,

ನೀನು ಮನೆ ಬದಲಿಸಿದ್ದೀಯಂತೆ, ಹೊಸ ವಿಳಾಸ ನನಗೆ ಗೊತ್ತಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷದ ಮೇಲೆ ಇವತ್ತು ನಮ್ಮ ವಿಯೆನ್ನಾ ರಂಗಮಂದಿರದ ಮೇಲಟ್ಟದಲ್ಲಿ ಮತ್ತೆ ನಿಂತೆ ಕಣೇ. ನಿಂತು ನೋಡುವ ಟಿಕೆಟ್ಟು ಈಗಲೂ ಕಾಫಿಗಿಂತ ಅಗ್ಗ, ಮಂಡಿ ಮಾತ್ರ ದುಬಾರಿಯಾಗಿದೆ. "ನಿಂತು ನೋಡೋರಿಗೊಂದು ನಿಲುವಿರತ್ತೆ, ಕೂತೋರಿಗೆ ಬರೀ ಕುರ್ಚಿ" ಅಂತಿದ್ದೆಯಲ್ಲ!

ಮುಂದಿನ ಕಂಬಿಗೆ ಶಾಲು ಕಟ್ಟಿ ಜಾಗ ಹಿಡಿದು, ಸಾಸೇಜು ತಿನ್ನಲು ಹೋದೆ. ಕಟ್ಟಿದ ಶಾಲನ್ನು ಇಲ್ಲಿ ಇವತ್ತಿಗೂ ಯಾರೂ ಮುಟ್ಟುವುದಿಲ್ಲ. ಬಂದು ನೋಡಿದರೆ, ಹಳೇ ಅಭ್ಯಾಸದ ಕೈ ಪಕ್ಕದಲ್ಲೇ ನನ್ನ ಮಫ್ಲರನ್ನೂ ಕಟ್ಟಿಬಿಟ್ಟಿತ್ತು. ನಿನಗಾಗಿ.

ಹಿಂದೆ ಕಂಬದ ಮರೆಯಲ್ಲಿ ಸಿಕ್ಕಿಕೊಂಡಿದ್ದ ಒಬ್ಬ ಅಜ್ಜಿ ಕೇಳಿದಳು: "ಇಲ್ಲಿ ಯಾರಾದ್ರೂ ಬರ್ತಾರೇನಮ್ಮಾ?"

"ಬರ್ತಾಳೆ. ಅವಳು ಯಾವತ್ತೂ ತಡ."

"ನಾಟಕದಲ್ಲಿ ರಾಜ ಸಾಯೋಕ್ ಮುಂಚೆ ಬಂದ್ರೆ ಸಾಕಮ್ಮಾ."

ರಾಜ ಸತ್ತ. ಹಿಂದೆಯೇ ರಾಣಿಯೂ ಸತ್ತಳು. ಮಧ್ಯಂತರ ಬಂತು. ಅಷ್ಟು ಹೊತ್ತೂ ಅಜ್ಜಿ ಕಂಬವನ್ನೇ ನೋಡಿದ್ದಳು.

ಹನ್ನೆರಡು ವರ್ಷದ ಹಿಂದೆ ಅವತ್ತು, ಆಫೀಸಿನ ದೊಡ್ಡವರ ಜೊತೆ ನಾನು ಕೆಳಗಿನ ಕೆಂಪು ಕುರ್ಚಿಯಲ್ಲಿ ಕೂತಿದ್ದಾಗ, ನೀನು ಮೇಲೆ ಎರಡು ಶಾಲು ಕಟ್ಟಿ ನನ್ನ ಜಾಗ ಕಾಯುತ್ತಿದ್ದೆ. ನನ್ನನ್ನು ಕಂಡು ಕೈ ಬೀಸಿದೆ. ನಾನು ತಲೆ ತಗ್ಗಿಸಿ ನಟರ ಹೆಸರಿನ ಹಾಳೆಯನ್ನು ಬಹಳ ಶ್ರದ್ಧೆಯಿಂದ ಓದಿದೆ.

ಮಫ್ಲರು ಬಿಚ್ಚಿದೆ. "ಬನ್ನಿ ಅಜ್ಜಿ, ಇಲ್ಲಿ ನಿಂತ್ಕೊಳ್ಳಿ."

"ಅಯ್ಯೋ, ನಿಮ್ಮ ಗೆಳತಿಗೆ ಏನಾಯ್ತಮ್ಮಾ?"

"ಕಾದು ಕಾದು ಸುಸ್ತಾಗಿರ್ಬೇಕು" ಅಂದೆ.

ನಿನ್ನ,
ಬುರ್ಗಿ